ಇಪ್ಪತ್ತೇಳನೇ ನಂಬರಿನ ಗಲ್ಲ

ಶಲವಡಿ
೧೧ ಫೆಬ್ರುವರಿ ೨೦೨೫, ಮಂಗಳವಾರ

ಶಿವಾನಿ,

ಡಬ್ಬಿ ತೆರೆದ ಕೂಡಲೇ ಈ ಕಾಗದ ಓದುತ್ತ ಕೂಡಬೇಡ. ಮೊದಲು ಐಸ್ ಕರಗಿದೆಯೋ ಇಲ್ಲವೋ ನೋಡು. ಕರಗಿದ್ದರೆ ಗಾಡಿಯ ಡ್ರೈವರನನ್ನು ಬೈಯಿ, ನನ್ನನ್ನಲ್ಲ. ನಾನು ನಾಲ್ಕೂ ಕಡೆ ಹೊಂದಿಸಿ ಇಟ್ಟಿದ್ದೇನೆ.

ಬಾಯಿ ಕ್ಯಾನ್ಸರಿನ ಪರೀಕ್ಷೆಗೆ ನಲವತ್ತು ಟ್ಯೂಬು ಬೇಕು ಅಂದಿದ್ದಿರಿ, ನಲವತ್ತು ಕಳಿಸಿದ್ದೇನೆ. ಹದಿನಾರು ವರ್ಷದಿಂದ ಈ ಊರಿನ ಆಶಾ ಕಾರ್ಯಕರ್ತೆ ನಾನು. ಹೆರಿಗೆ ಮಾಡಿಸಿದ್ದೇನೆ, ಕೂಸುಗಳಿಗೆ ಹನಿ ಹಾಕಿದ್ದೇನೆ, ಕೊರೋನಾದಾಗ ಮನೆಮನೆ ಸುತ್ತಿ ಬೈಸಿಕೊಂಡಿದ್ದೇನೆ. ಆದರೆ ನಲವತ್ತು ಹೆಂಗಸರಿಗೆ "ಬಾಯಿ ತೆಗೀರಿ" ಅನ್ನುವಂಥ ಕಷ್ಟದ ಕೆಲಸ ಮಾಡಿರಲಿಲ್ಲ. ನಮ್ಮಲ್ಲಿ ಹೆಂಗಸರು ಗಂಡಸರ ಎದುರು ಬಾಯಿ ತೆರೆಯುವುದಿಲ್ಲ, ತಂಬಾಕು ಉಗುಳುವುದಂತೂ ಇಲ್ಲವೇ ಇಲ್ಲ. ಅದಕ್ಕೆ ಶಾಲೆಯ ಕೋಣೆಯಲ್ಲಿ ಸೀರೆಯ ಪರದೆ ಕಟ್ಟಿ, ಇವತ್ತು ಒಬ್ಬ ಗಂಡಸೂ ಈ ಗೇಟು ದಾಟಬಾರದು ಎಂದು ಡಂಗುರ ಹೊಡೆಸಿದೆ. ಆದರೂ ಮುದುಕಿ ಹಸನಬಿ ಜಗಳ ತೆಗೆದಳು. "ಮದಿವ್ಯಾದಾಗಿಂದ ಈ ಗಲ್ಲದಾಗ ತಂಬಾಕ ಐತಿ. ನನ್ನ ಗಂಡ ಉಗಳ ಅಂದಿಲ್ಲ. ನೀ ಯಾವಾಕಿಬೇ?" ಅಂದಳು. ಅರ್ಧ ತಾಸು ಕೂಡಿಸಿಕೊಂಡು ಪುಸಲಾಯಿಸಿದ ಮೇಲೆ ಉಗುಳಿದಳು. ನೀವು ಕೊಟ್ಟ ಸಣ್ಣ ಬ್ರಶ್ಶನ್ನು ಒಳಗಲ್ಲಕ್ಕೆ ಒತ್ತಿ ಹತ್ತು ಸಲ ತಿರುಗಿಸಿ, ನೀರಿನಂಥ ಆ ಔಷಧದಲ್ಲಿ ಅದ್ದಿ ಮುಚ್ಚಿದ್ದೇನೆ. ಹೆಸರು, ವಯಸ್ಸು, ನಂಬರು ಪಟ್ಟಿಯಲ್ಲಿವೆ.

ಬಾಯಿ ತೊಳೆಯಲು ಎರಡು ಬ್ಯಾರಲ್ ನೀರನ್ನು ಮುಂಜಾನೆಯೇ ಗೇಟಿನ ಹೊರಗೆ ತಂದಿಟ್ಟವರು ನಿಮ್ಮಪ್ಪ. ಊರಿಗೆಲ್ಲ ನೀರು ಬಿಡುವ ಲಕ್ಷ್ಮಣಪ್ಪ ಕಾಕಾ ಇರುವಾಗ ಬೇರೆ ಯಾರನ್ನು ಕೇಳಲಿ? ನಿನ್ನ ಬಗ್ಗೆ ಏನೂ ಕೇಳಲಿಲ್ಲ. ಡಬ್ಬಿ ಎಲ್ಲಿಗೆ ಹೋಗುತ್ತದೆ ಅಂದರು. ಧಾರವಾಡಕ್ಕೆ ಅಂದೆ. ಯಾರು ನೋಡುತ್ತಾರೆ ಅಂದರು. "ನಿಮ್ಮ ಮಗಳ ನೋಡ್ತಾಳ್ರಿ" ಅಂದೆ. ಬ್ಯಾರಲ್ಲಿನ ಮುಚ್ಚಳ ಹಾಕಿ ಹೋದರು. ನಿಮ್ಮವ್ವ ಮಲ್ಲಮ್ಮಕ್ಕ ತೀರಿಹೋಗಿ ಎರಡು ವರ್ಷವಾಯಿತು. ನೀವಿಬ್ಬರೂ ಮಾತು ಬಿಟ್ಟೂ ಅಷ್ಟೇ ದಿನವಾಯಿತು. ಬಸ್ಸಿನಲ್ಲಿ ಎರಡೂವರೆ ತಾಸಿನ ದಾರಿ. ನಾನು ಹೇಳುವವಳಲ್ಲ, ಆದರೂ ಹೇಳಿದೆ.

ಹೋದ ವರ್ಷ ಯಾರದೋ ರಿಪೋರ್ಟು ಮೊಬೈಲಿನಲ್ಲಿ ಊರೆಲ್ಲ ಸುತ್ತಿದ ಮೇಲೆ, ಫೋನಿನಲ್ಲಿ ಯಾರ ಹೆಸರೂ ಹೇಳಕೂಡದು ಎಂದು ನಿಮ್ಮ ಲ್ಯಾಬಿನ ಸುನಿತಾ ಮೇಡಂ ಕಟ್ಟಳೆ ಮಾಡಿದ್ದು ಒಳ್ಳೆಯದೇ ಆಯಿತು. ಈ ನೆವದಲ್ಲಾದರೂ ಡಬ್ಬಿಯ ಜೊತೆ ನಿನ್ನ ಕಾಗದ ಬರುತ್ತದೆ.

ನಿನ್ನ ಅಕ್ಕ,
ಖಾಸಿಂಬಿ


ಧಾರವಾಡ
೪ ಮಾರ್ಚ್ ೨೦೨೫

ಖಾಸಿಂಬಿ ಅಕ್ಕ,

ಐಸ್ ಕರಗಿರಲಿಲ್ಲ. ಡ್ರೈವರ್ ಬಚಾವ್.

ಈ ಪರೀಕ್ಷೆಯಲ್ಲಿ ಏನು ಮಾಡುತ್ತೀರಿ ಎಂದು ಹೆಂಗಸರು ಕೇಳಿದರೆ ಹೇಳಲು ಬರಲಿ ಅಂತ ಬರೆಯುತ್ತಿದ್ದೇನೆ. ನೀನು ಕಳಿಸಿದ ಬ್ರಶ್ಶಿನಿಂದ ಗಲ್ಲದ ಜೀವಕೋಶಗಳನ್ನು ತೊಳೆದು ತೆಗೆದು ಗಾಜಿನ ಮೇಲೆ ಹರಡುತ್ತೇವೆ. ಪ್ರತಿ ಜೀವಕೋಶದಲ್ಲೂ ವರ್ಣತಂತುಗಳು ಜೋಡಿ ಜೋಡಿಯಾಗಿರುತ್ತವೆ. ಅವುಗಳಲ್ಲಿ ಒಂದೆರಡು ವರ್ಣತಂತುಗಳಿಗೆ ಮಾತ್ರ ಹೋಗಿ ಕೂಡುವಂಥ ಡಿಎನ್ಎ ಚೂರುಗಳನ್ನು ಹಾಕುತ್ತೇವೆ. ಆ ಚೂರುಗಳಿಗೆ ಹೊಳೆಯುವ ಬಣ್ಣ ಕಟ್ಟಿರುತ್ತದೆ. ಸ್ವಲ್ಪ ಬಿಸಿ ಮಾಡಿದರೆ ಜೀವಕೋಶದ ಡಿಎನ್ಎ ಬಿಚ್ಚಿಕೊಳ್ಳುತ್ತದೆ, ಚೂರು ಹೋಗಿ ತನ್ನ ಜಾಗದಲ್ಲಿ ಕೂಡುತ್ತದೆ. ಮದುವೆ ಮನೆಯ ಬಾಗಿಲಲ್ಲಿ ನೂರು ಜೋಡು ಚಪ್ಪಲಿ ಬಿದ್ದಿದ್ದರೂ ಕಾಲು ತನ್ನದನ್ನೇ ಹುಡುಕಿಕೊಳ್ಳುವುದಿಲ್ಲವೇ, ಹಾಗೆ. ಆಮೇಲೆ ಕತ್ತಲು ಕೋಣೆಯಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶದ ನೀಲಿ ದುಂಡಿನೊಳಗೆ ಹಸಿರು ಚುಕ್ಕೆ, ಕೆಂಪು ಚುಕ್ಕೆ. ಸರಿಯಾಗಿದ್ದರೆ ಹಸಿರು ಎರಡು, ಕೆಂಪು ಎರಡು. ಮೂರೋ ನಾಲ್ಕೋ ಕಂಡರೆ ಆ ಜೀವಕೋಶ ಲೆಕ್ಕ ತಪ್ಪಿದೆ ಎಂದರ್ಥ. ಹುಣ್ಣಾಗುವ ಮೊದಲೇ, ನೋವು ಬರುವ ಮೊದಲೇ ಇದು ಕಾಣುತ್ತದೆ. ಒಬ್ಬೊಬ್ಬರಲ್ಲಿ ಇನ್ನೂರು ಜೀವಕೋಶ ಎಣಿಸುತ್ತೇನೆ.

ಮೂವತ್ತೊಂಬತ್ತು ಜನರದು ಎರಡು, ಎರಡು. ಇಪ್ಪತ್ತೇಳನೇ ನಂಬರಿನದು ಮಾತ್ರ ಸರಿಯಿಲ್ಲ. ಇನ್ನೂರರ ಪೈಕಿ ನಲವತ್ತಾರರಲ್ಲಿ ಹಸಿರು ಮೂರು, ಕೆಲವುಗಳಲ್ಲಿ ನಾಲ್ಕು. ನಾನು ಎರಡು ಸಲ ಎಣಿಸಿದೆ. ಪಟ್ಟಿಯಲ್ಲಿ ಸಣ್ಣವ್ವ, ಐವತ್ತೆಂಟು ಎಂದಿದೆ. ನಮ್ಮ ಓಣಿಯ ಸಣ್ಣವ್ವ ದೊಡ್ಡಮ್ಮನೇ ಅಲ್ಲವೇ? ಆಕೆಯನ್ನು ಹೆದರಿಸಬೇಡ. ಇದು ಕ್ಯಾನ್ಸರ್ ಎಂದಲ್ಲ, ಆಗಬಹುದು ಎಂದು. ಇಲ್ಲಿಯ ದವಾಖಾನೆಗೆ ಕರೆದುಕೊಂಡು ಬಾ. ಒಂದು ಚೂರು ತೆಗೆದು ಪರೀಕ್ಷೆ ಮಾಡಿ, ಬೇಕಾದರೆ ಗಲ್ಲದೊಳಗಿನ ಕಲೆಯನ್ನೇ ಕತ್ತರಿಸಿ ತೆಗೆಯುತ್ತಾರೆ. ಈಗ ತೆಗೆದರೆ ನಾಲ್ಕು ಹೊಲಿಗೆ. ಒಂದು ವರ್ಷ ಬಿಟ್ಟರೆ ದವಡೆಯನ್ನೇ ತೆಗೆಯಬೇಕಾದೀತು. ಅದು ಹೇಗಿರುತ್ತದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಮೇಡಂ ಎಲ್ಲ ರಿಪೋರ್ಟಿಗೂ ಮುಂದಿನ ವಾರ ಸಹಿ ಹಾಕುತ್ತಾರೆ. ಅಪ್ಪನ ಸುದ್ದಿ ಬರೆಯಬೇಡ ಅನ್ನುವುದಿಲ್ಲ. ಆದರೆ ಉತ್ತರ ಕೇಳಬೇಡ.

ಶಿವಾನಿ


ಶಲವಡಿ
೧೧ ಮಾರ್ಚ್ ೨೦೨೫

ಶಿವಾನಿ,

ರಂಜಾನಿನ ರೋಜಾ ನಡೆದಿವೆ. ಬಿಸಿಲು ಈಗಲೇ ನೆತ್ತಿ ಸುಡುತ್ತಿದೆ. ಹೆಚ್ಚು ಬರೆಯಲಾರೆ.

ಸಣ್ಣವ್ವ ಊರಲ್ಲಿಲ್ಲ. ಮಗಳ ಬಾಣಂತನಕ್ಕೆ ದೇವಿಕೊಪ್ಪಕ್ಕೆ ಹೋಗಿದ್ದಾಳೆ, ಯಾವಾಗ ಬರುತ್ತಾಳೋ ತಿಳಿಯದು. ನೀನು ಅವಸರ ಮಾಡಬೇಡ. ಒಂದು ಮಾತು ಹೇಳು: ಆ ನಲವತ್ತಾರು ಅನ್ನುವುದು ಬಹಳವೋ, ಸ್ವಲ್ಪವೋ? ತಂಬಾಕು ಬಿಟ್ಟರೆ ತಾನೇ ಸರಿಹೋಗುತ್ತದೆಯೋ? ಯಾರಿಗಾದರೂ ದವಾಖಾನೆ ಅಂದರೆ ಭಯವಿದ್ದರೆ ಗುಳಿಗೆಯಿಂದ ಆಗುತ್ತದೆಯೋ? ಸುಮ್ಮನೆ ಕೇಳುತ್ತಿದ್ದೇನೆ.

ಖಾಸಿಂಬಿ


ಧಾರವಾಡ
೨೫ ಮಾರ್ಚ್ ೨೦೨೫

ಖಾಸಿಂಬಿ ಅಕ್ಕ,

ನೀನು ಸುಮ್ಮನೆ ಕೇಳುವವಳಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ.

ಪಟ್ಟಿ ಸರಿಯಿದೆಯೋ ಎಂದು ತಾಳೆ ನೋಡಲು ನಲವತ್ತೂ ಗಾಜುಗಳಿಗೆ ಇನ್ನೊಂದು ಜೋಡಿ ಬಣ್ಣ ಹಾಕಿ ಎಂದು ಮೇಡಂ ಹೇಳಿದರು. ಇದು ಎಕ್ಸ್ ಮತ್ತು ವೈ ವರ್ಣತಂತುಗಳನ್ನು ಹುಡುಕುವ ಬಣ್ಣ. ಎಕ್ಸಿಗೆ ಹಸಿರು, ವೈಗೆ ಕೆಂಪು. ಹೆಂಗಸರಲ್ಲಿ ಎಕ್ಸ್ ಎರಡು. ಗಂಡಸರಲ್ಲಿ ಎಕ್ಸ್ ಒಂದು, ವೈ ಒಂದು. ಮೂವತ್ತೊಂಬತ್ತು ಗಾಜುಗಳಲ್ಲಿ ಹಸಿರು ಎರಡು. ಇಪ್ಪತ್ತೇಳರಲ್ಲಿ ಹಸಿರು ಒಂದು, ಕೆಂಪು ಒಂದು. ಇನ್ನೂರಕ್ಕೆ ಇನ್ನೂರೂ ಹಾಗೇ.

ಸಣ್ಣವ್ವ ದೊಡ್ಡಮ್ಮ ನಾಲ್ಕು ಮಕ್ಕಳನ್ನು ಹೆತ್ತವಳು. ಆಕೆಯ ಗಲ್ಲದಲ್ಲಿ ವೈ ಎಲ್ಲಿಂದ ಬಂತು ಅಕ್ಕ? ಆ ದಿನ ಒಬ್ಬ ಗಂಡಸೂ ಗೇಟು ದಾಟಲಿಲ್ಲ ಎಂದು ನೀನೇ ಬರೆದಿದ್ದೆ. ಡಂಗುರ ಹೊಡೆಸಿದವಳು ನೀನೇ.

ಮೇಡಂ ನನ್ನನ್ನು ನಿಲ್ಲಿಸಿ ಕೇಳಿದರು. "ಒಂದು ಹೆಸರು ಸುಳ್ಳಾದರೆ ಉಳಿದ ಮೂವತ್ತೊಂಬತ್ತು ಖರೇ ಅಂತ ಹೆಂಗ ನಂಬೂದು? ಅವು ಹೆಂಗಸರವು ಅನ್ನೂದಷ್ಟ ಗೊತ್ತಾತು. ಯಾವ ಹೆಂಗಸಿಂದು ಅಂತ ಯಾರು ಹೇಳ್ತಾರ?" ಅಂದರು. ಎಲ್ಲ ರಿಪೋರ್ಟನ್ನೂ ತಡೆಹಿಡಿದಿದ್ದಾರೆ. ಅವರ ಮಾತು ತಪ್ಪಲ್ಲ. ನಿನ್ನ ಮೇಲೆ ನನಗೆ ಬಂದ ಸಿಟ್ಟನ್ನು ಈ ಹಾಳೆಯಲ್ಲಿ ಬರೆಯಲು ಜಾಗ ಸಾಲದು. ಎಂಟು ದಿನ ಕತ್ತಲು ಕೋಣೆಯಲ್ಲಿ ಕೂತು ಕಣ್ಣು ಕೆಂಪಗೆ ಮಾಡಿಕೊಂಡು ಎಣಿಸಿದ್ದೇನೆ.

ಆದರೆ ಸಿಟ್ಟು ಆಮೇಲೆ. ಮೊದಲು ಆ ಮನುಷ್ಯ ಯಾರು ಎಂದು ಹೇಳು. ಶಲವಡಿಯಲ್ಲಿ ಒಬ್ಬ ಗಂಡಸು ತನ್ನ ಗಲ್ಲದಲ್ಲಿ ಅದನ್ನಿಟ್ಟುಕೊಂಡು ತಿರುಗುತ್ತಿದ್ದಾನೆ. ಅವನ ಜೀವಕೋಶ ನನಗೆ ಗೊತ್ತು, ಮುಖ ಗೊತ್ತಿಲ್ಲ. ನೀನು ಕೇಳಿದ್ದಕ್ಕೆ ಉತ್ತರ: ನಲವತ್ತಾರು ಬಹಳ. ತಂಬಾಕು ಬಿಡಲೇಬೇಕು, ಆದರೆ ಬಿಟ್ಟರೂ ದವಾಖಾನೆ ತಪ್ಪಿದ್ದಲ್ಲ. ಗುಳಿಗೆ ಇಲ್ಲ.

ಶಿವಾನಿ


ಶಲವಡಿ
೧ ಏಪ್ರಿಲ್ ೨೦೨೫

ಶಿವಾನಿ,

ನಿನ್ನೆ ಈದ್ ಆಯಿತು. ಹಬ್ಬದ ದಿನವೂ ನಿನ್ನ ಕಾಗದ ಕುತ್ತಿಗೆಗೆ ಕಟ್ಟಿಕೊಂಡು ತಿರುಗಿದ್ದೇನೆ. ತಪ್ಪು ನನ್ನದೇ. ಬೈಯಿ, ಬೈಸಿಕೊಳ್ಳುತ್ತೇನೆ. ಮೇಡಮ್ಮನವರಿಗೂ ನಾನೇ ಬರೆದುಕೊಡುತ್ತೇನೆ, ನಿನ್ನ ಮೇಲೆ ಬರಬಾರದು.

ಆಗಿದ್ದು ಇಷ್ಟು. ಅವತ್ತು ಸಂಜೆ ಹೆಂಗಸರೆಲ್ಲ ಹೋದ ಮೇಲೆ ಪರದೆ ಬಿಚ್ಚುತ್ತಿದ್ದೆ. ಒಬ್ಬ ಹಿರಿಯ ಮನುಷ್ಯ ಬಂದು ಬಾಗಿಲ ಹೊರಗೇ ನಿಂತರು. "ಗಂಡಸರಿಗೆ ಇಲ್ಲೇನ ಇದು?" ಅಂದರು. ಇವತ್ತು ಇಲ್ಲ ಅಂದೆ. ಹೋಗಲಿಲ್ಲ. ಕಿಟಕಿಯ ಬೆಳಕಿಗೆ ಬಂದು ಬಾಯಿ ತೆರೆದು ಬೆರಳಿಟ್ಟು ತೋರಿಸಿದರು. ಎಡಗಲ್ಲದ ಒಳಗೆ ಹುಣಸೆ ಬೀಜದಷ್ಟು ಬೆಳ್ಳಗಿತ್ತು. ಸಣ್ಣವ್ವ ಬೆಳಿಗ್ಗೆಯೇ ದೇವಿಕೊಪ್ಪಕ್ಕೆ ಹೋಗಿದ್ದಳು, ಆಕೆಯ ಟ್ಯೂಬು ಉಳಿದಿತ್ತು. "ನನ್ನ ಹೆಸರ ಬರೀಬ್ಯಾಡ. ಯಾರಿಗೂ ಹೇಳಬ್ಯಾಡ. ಸುಮ್ನ ಡಬ್ಬಿದಾಗ ಹೋಗಲಿ" ಅಂದರು. ಮಾತು ಕೊಟ್ಟೆ. ಕಾಯಿಲೆ ಇದ್ದರೆ ಹೆಸರು ಯಾರದಿದ್ದರೇನು, ತಿಳಿದರೆ ಸಾಕು ಅಂದುಕೊಂಡೆ. ಗಾಜಿನ ಮೇಲೆ ಗಂಡು ಹೆಣ್ಣು ಕಾಣುತ್ತದೆ ಅಂತ ಗೊತ್ತಿದ್ದರೆ ಈ ಶಾಣ್ಯಾತನ ಮಾಡುತ್ತಿರಲಿಲ್ಲ. ಉಳಿದ ಮೂವತ್ತೊಂಬತ್ತು ಟ್ಯೂಬುಗಳ ಮೇಲೆ ಆಯಾ ಹೆಂಗಸಿನ ಎದುರೇ ನಂಬರು ಹಚ್ಚಿದ್ದೇನೆ, ಪಟ್ಟಿಯಲ್ಲಿ ಅವರವರ ಸಹಿಯೋ ಹೆಬ್ಬೆಟ್ಟೋ ಇದೆ. ಇಪ್ಪತ್ತೇಳರ ಮುಂದೆ ಮಾತ್ರ ಇಲ್ಲ, ನೋಡು.

ನಿನ್ನ ಮಾರ್ಚಿನ ಮೊದಲ ಕಾಗದ ಬಂದ ದಿನವೇ ಹೋಗಿ ಹೇಳಿದೆ. ದವಾಖಾನೆಗೆ ಹೋಗೋಣ ಅಂದೆ. "ಆ ದವಾಖಾನಿ ಒಮ್ಮೆ ನೋಡೀನಿ, ಸಾಕು. ಏನಂತ ಗೊತ್ತಾತಲ್ಲ, ಆತು" ಅಂದರು. ನಿನ್ನೆ ಹಬ್ಬದ ಪಾಯಸ ಸುರಕುಂಬಾ ತೆಗೆದುಕೊಂಡು ಹೋಗಿ ಮತ್ತೆ ಕೇಳಿದೆ. ಆಗಲೂ ಇಲ್ಲ. ನನಗೂ ತಲೆ ಕೆಟ್ಟಿತು. "ಹಂಗಾದ್ರ ಯಾಕ ಬಾಯಿ ತೆಗದ್ರಿ? ನನ್ನ ನೌಕರಿ ತಗ್ಯಾಕೇನ?" ಎಂದು ಓಣಿಯ ಮಂದಿ ಹೊರಗೆ ಬರುವ ಹಾಗೆ ಒದರಿದೆ. ಅವರು ತಲೆ ತಗ್ಗಿಸಿಕೊಂಡು ಕೂತರು. ಸಿಟ್ಟು ಇಳಿದ ಮೇಲೆ ನನಗೇ ಅಳು ಬಂತು.

ಅತ್ತ ಹೆಂಗಸರು ನನ್ನನ್ನು ನಳದ ಹತ್ತಿರ ಹಿಡಿದು ನಿಲ್ಲಿಸುತ್ತಾರೆ. "ನಮ್ಮ ಬಾಯಾಗಿಂದು ಕೆರಕೊಂಡು ಹೋದ್ರಿ, ಏನೈತಿ ಅಂತ ಹೊಳ್ಳಿ ಹೇಳವಲ್ರಿ" ಎಂದು ಹಸನಬಿ ದಿನಾ ಶುರು ಮಾಡುತ್ತಾಳೆ.

ಹೆಸರು ಮಾತ್ರ ನನ್ನ ಬಾಯಿಂದ ಬರುವುದಿಲ್ಲ ಶಿವಾನಿ. ಅದನ್ನು ಅವರೇ ಹೇಳಬೇಕು. ನೀನೇ ಅವರಿಗೊಂದು ಕಾಗದ ಬರೆ. ಓದಲು ಬರುತ್ತದೆ ಅವರಿಗೆ. ನನ್ನ ಮಾತು ಕೇಳದವರು ನಿನ್ನ ಕೈಬರಹ ನೋಡಿದರೆ ಕೇಳುತ್ತಾರೆ ಎಂದು ನನಗನಿಸುತ್ತದೆ. ಯಾಕೆ ಎಂದು ಕೇಳಬೇಡ.

ಖಾಸಿಂಬಿ


ಧಾರವಾಡ
೮ ಏಪ್ರಿಲ್ ೨೦೨೫

ಇಪ್ಪತ್ತೇಳನೇ ನಂಬರಿನ ಹಿರಿಯರಿಗೆ ನಮಸ್ಕಾರ.

ನಿಮ್ಮ ಹೆಸರು ನನಗೆ ಗೊತ್ತಿಲ್ಲರಿ. ಆದರೆ ನಿಮ್ಮ ಗಲ್ಲದ ನಾನೂರು ಜೀವಕೋಶಗಳನ್ನು ಎಣಿಸಿದವಳು ನಾನು, ಆದ್ದರಿಂದ ಗುರುತಿಲ್ಲ ಎಂದೂ ಅನ್ನಲಾರೆ. ನಾನು ಶಲವಡಿಯವಳೇ. ಲಕ್ಷ್ಮಣಪ್ಪನವರ ಮಗಳು.

ನಿಮಗೆ ಹೆದರಿಕೆ ಇದೆ ಎಂದು ಖಾಸಿಂಬಿ ಅಕ್ಕ ಬರೆದಿಲ್ಲ, ನಾನೇ ಊಹೆ ಮಾಡಿದ್ದೇನೆ. ಈಗ ನಿಮಗಿರುವುದು ಮೇಲಿನ ಪದರದಲ್ಲಿ, ಸಣ್ಣ ಜಾಗದಲ್ಲಿ. ಅದನ್ನು ಒಂದೇ ದಿನದಲ್ಲಿ ತೆಗೆಯುತ್ತಾರೆ. ಎಂಟು ದಿನ ಗಂಜಿ ಕುಡಿಯಬೇಕು. ಆಮೇಲೆ ರೊಟ್ಟಿ ತಿನ್ನಬಹುದು. ಎಲ್ಲರಿಗೂ ಅದು ಕ್ಯಾನ್ಸರ್ ಆಗುತ್ತದೆ ಎಂದಿಲ್ಲ, ಆದರೆ ನಿಮ್ಮ ಚುಕ್ಕೆಗಳನ್ನು ನೋಡಿದ ಮೇಲೆ ಸುಮ್ಮನಿರಿ ಎಂದು ಹೇಳಲು ನನಗೆ ಮನಸ್ಸಿಲ್ಲ.

ನಮ್ಮ ಅವ್ವ ಮಲ್ಲಮ್ಮ ಇದೇ ರೋಗದಿಂದ ಹೋದಳು. ನಿಮಗೂ ಗೊತ್ತಿರಬೇಕು, ಊರವರೇ ಅಲ್ಲವೇ. ನಾವು ಆಕೆಯನ್ನು ದವಾಖಾನೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಗಲ್ಲ ತೂತಾಗಿತ್ತು. ನಾಲ್ಕು ತಿಂಗಳು ನೀರು ಕುಡಿಯಲೂ ಕಷ್ಟಪಟ್ಟಳು. ಮಣ್ಣು ಮಾಡಿ ಬಂದ ದಿನ ಅಂಗಳದಲ್ಲಿ ಎಲ್ಲರೆದುರು ನಾನು ಅಪ್ಪನಿಗೆ "ಪ್ರತಿ ಸಂತಿಗೆ ತಂಬಾಕ ತಂದು ಕೊಟ್ಟಾಂವ ನೀನ" ಅಂದೆ. ಅಪ್ಪ ನನಗೆ "ಊರ ಮಂದೀದೆಲ್ಲ ನೋಡ್ತಿ, ನಿಮ್ಮವ್ವನ ಬಾಯಾಗ ಒಮ್ಮೆ ಹಣಿಕಿ ಹಾಕಲಿಲ್ಲ" ಅಂದ. ಅವತ್ತೇ ಬಸ್ಸು ಹತ್ತಿ ಬಂದೆ, ಮತ್ತೆ ಹೋಗಿಲ್ಲ.

ಇದನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೋ ತಿಳಿಯದು. ನೀವು ಯಾರೆಂದು ಗೊತ್ತಿಲ್ಲದ್ದರಿಂದ ಬರೆಯಲು ಆಗುತ್ತಿದೆ. ಅಪ್ಪ ಅಂದದ್ದು ಖರೇ ಇತ್ತುರಿ. ನಾನು ನೋಡಿರಲಿಲ್ಲ. ತಿಂಗಳಿಗೊಮ್ಮೆ ಊರಿಗೆ ಹೋಗುತ್ತಿದ್ದೆ, ಆಕೆ ಮಾಡಿದ್ದು ಉಣ್ಣುತ್ತಿದ್ದೆ, ಮಲಗಿ ಎದ್ದು ಬರುತ್ತಿದ್ದೆ. ಕಡೆಕಡೆಗೆ ಆಕೆ ಖಾರ ತಿನ್ನುವುದು ಬಿಟ್ಟಿದ್ದಳು. ಯಾಕವ್ವ ಎಂದು ಕೇಳಲಿಲ್ಲ. ಈ ಕೆಲಸದಲ್ಲಿ ಇದ್ದೂ ಕೇಳಲಿಲ್ಲ. ಅದಕ್ಕೇ ನಿಮ್ಮದನ್ನು ಎರಡು ಸಲ ಎಣಿಸಿದೆ.

ನಿಮ್ಮನ್ನು ನಾನು ಬಿಡುವುದಿಲ್ಲ. ಹೆಸರು ಹೇಳಿ, ಧಾರವಾಡಕ್ಕೆ ಬನ್ನಿ. ಬಸ್‌ಸ್ಟ್ಯಾಂಡಿಗೆ ನಾನೇ ಬಂದು ನಿಲ್ಲುತ್ತೇನೆ, ದವಾಖಾನೆಯಲ್ಲಿ ಒಬ್ಬರನ್ನೇ ಕೂಡಿಸುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಅವರ ಸಲುವಾಗಿ ಬನ್ನಿ. ಯಾರೂ ಇಲ್ಲದಿದ್ದರೆ ನನ್ನ ಸಲುವಾಗಿ ಬನ್ನಿ.

ನಿಮ್ಮ ವಿಶ್ವಾಸಿ,
ಶಿವಾನಿ


ಶಲವಡಿ
೧೫ ಏಪ್ರಿಲ್ ೨೦೨೫

ಶಿವಾನಿಗೆ ಅಪ್ಪನ ಆಶೀರ್ವಾದ.

ಇಪ್ಪತ್ತೇಳನೇ ನಂಬರು ನಾನೇ.

ನಿನ್ನ ಕಾಗದ ಆರು ದಿನದಿಂದ ಅಂಗಿಯ ಜೇಬಿನಲ್ಲಿದೆ. ನಿನ್ನೆ ಬಾಬಾಸಾಹೇಬರ ಜಯಂತಿಗೆ ಎಲ್ಲರೂ ಮೆರವಣಿಗೆಗೆ ಹೋದರು. ನಾನು ಪಂಪ್‌ಹೌಸಿನಲ್ಲಿ ಕೂತು ಇದನ್ನು ಬರೆಯಲು ಹತ್ತಿದೆ. ಮೂರು ಹಾಳೆ ಕೆಟ್ಟವು. ಖಾಸಿಂಬಿಯನ್ನು ಬೈಯಬೇಡ. ಆಕೆ ನನ್ನ ಮಾತಿಗೆ ಕಟ್ಟುಬಿದ್ದಳು.

ನೀನು ನಿನ್ನ ತಪ್ಪು ಬರೆದಿದ್ದೀ. ಅದು ನಿನ್ನದಲ್ಲ. ಇನ್ನು ನಾನು ಹೇಳುವುದನ್ನು ಓದು, ಓದಿ ಏನು ಬೇಕಾದರೂ ಅನ್ನು.

ನಿಮ್ಮವ್ವ ಹೋಗುವುದಕ್ಕೆ ಹದಿನಾಲ್ಕು ತಿಂಗಳು ಮೊದಲು, ಒಂದು ಮುಂಜಾನೆ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದಳು. ಬಾಯಿ ತೆರೆದು ತೋರಿಸಿದಳು. "ಇಲ್ಲೆ ಬೆಳ್ಳಗಾಗೇತಿ ನೋಡ್ರಿ. ಶಿವಾನಿಗೆ ಒಂದ್ ಮಾತು ಕೇಳೂಣೇನು?" ಅಂದಳು. ನಾನು ನೀರು ಬಿಡಲು ಹೊರಟಿದ್ದೆ. ಮೇಲಿನ ಓಣಿಯವರು ಆಗಲೇ ಬಂದು ಒದರುತ್ತಿದ್ದರು. ಒಂದು ಕಣ್ಣಿನಿಂದ ನೋಡಿದೆ. "ಎಲಿಗೆ ಸುಣ್ಣ ಹೆಚ್ಚಾಗಿ ಸುಟ್ಟೈತಿ, ತುಪ್ಪ ಹಚ್ಚು. ಇಷ್ಟಕ್ಕ ಆಕಿಗ್ಯಾಕ ತ್ರಾಸು" ಅಂದು ಹೋದೆ. ನಮ್ಮಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಸುಣ್ಣ ಸುಟ್ಟರೆ ತುಪ್ಪ. ನಿಮ್ಮವ್ವ ತುಪ್ಪ ಹಚ್ಚಿದಳು. ದಿನಾ ಹಚ್ಚಿದಳು. ಮತ್ತೆ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಡಾಕ್ಟರು ಇದು ವರ್ಷದಿಂದ ಇದ್ದಿರಬೇಕು, ಯಾರೂ ನೋಡಲಿಲ್ಲವೇ ಎಂದು ನಿನ್ನ ಎದುರೇ ಕೇಳಿದರು. ನಾನು ಇಲ್ಲ ಅಂದೆ. ನಿಮ್ಮವ್ವ ಅಲ್ಲೇ ಮಲಗಿದ್ದಳು. ನನ್ನ ಕಡೆ ನೋಡಿದಳು. ಮಣ್ಣಿನ ದಿನ ನಿನಗೆ ಅಂದ ಮಾತು ನನಗೆ ನಾನು ಅಂದುಕೊಳ್ಳಬೇಕಾದ ಮಾತು. ತಡೆಯಲಾರದೆ ನಿನ್ನ ತಲೆಯ ಮೇಲೆ ಹಾಕಿದೆ. ನೀನು ಅದನ್ನು ಹೊತ್ತುಕೊಂಡು ಹೋದೆ. ಎರಡು ವರ್ಷ ಹೊರಲು ಬಿಟ್ಟೆ.

ಹೋದ ಡಿಸೆಂಬರಿನಲ್ಲಿ ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ನನ್ನ ಗಲ್ಲದ ಒಳಗೆ ಅದೇ ಬಿಳುಪು ಕಂಡಿತು. ಮೊದಲೊಮ್ಮೆ ನೋಡಿದ್ದೆನಲ್ಲ, ಕೂಡಲೇ ಗುರುತು ಹತ್ತಿತು. ಅವತ್ತೇ ತಂಬಾಕು ಬಿಟ್ಟೆ. ಯಾರಿಗೂ ಹೇಳಲಿಲ್ಲ. ಇದು ಆಕೆಗೆ ಮಾಡಿದ್ದಕ್ಕೆ ಸಿಕ್ಕದ್ದು, ಸುಮ್ಮನೆ ಅನುಭವಿಸಬೇಕು ಅಂದುಕೊಂಡೆ. ಆದರೆ ಆ ದಿನ ಡಬ್ಬಿ ನಿನ್ನ ಕೈಗೆ ಹೋಗುತ್ತದೆ ಎಂದು ಖಾಸಿಂಬಿ ಹೇಳಿದಳು. ನೀನೊಮ್ಮೆ ನೋಡಲಿ ಅನಿಸಿತು. ನನ್ನ ಹೆಸರು ಕಂಡರೆ ನಿನ್ನ ಎಣಿಕೆ ತಪ್ಪೀತು ಅಥವಾ ಬೇಡ ಅನಿಸೀತು ಅಂತ ಹೆಸರು ಬಿಡಿಸಿದೆ. ಜೀವಕೋಶದಲ್ಲಿ ಗಂಡು ಹೆಣ್ಣು ಬರೆದಿರುತ್ತದೆ ಅಂತ ನನಗೇನು ಗೊತ್ತು.

ಈಗ ನನಗೆ ಬದುಕಬೇಕು ಅನಿಸುತ್ತಿದೆ. ನೀನು ಬರೆದ ಕಡೆಯ ಸಾಲು ಓದಿದ ಮೇಲೆ ಅನಿಸುತ್ತಿದೆ. ಅದನ್ನು ನೀನು ನನಗೆ ಬರೆದದ್ದಲ್ಲ, ಗೊತ್ತಿಲ್ಲದವನಿಗೆ ಬರೆದದ್ದು. ಆದ್ದರಿಂದ ಕೇಳುತ್ತಿದ್ದೇನೆ. ಬರಬೇಡ ಎಂದು ನೀನು ಹೇಳಿ ಕಳಿಸಿದರೆ ಬರುವುದಿಲ್ಲ, ಬೇರೆ ದವಾಖಾನೆ ನೋಡಿಕೊಳ್ಳುತ್ತೇನೆ, ಆಣೆ ಮಾಡಿ ಹೇಳುತ್ತೇನೆ. ಏನೂ ಹೇಳದಿದ್ದರೆ ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ.

ನಿನ್ನ ಅಪ್ಪ,
ಲಕ್ಷ್ಮಣಪ್ಪ


ಧಾರವಾಡ
೧೦ ಜೂನ್ ೨೦೨೫

ಖಾಸಿಂಬಿ ಅಕ್ಕ,

ಈ ಡಬ್ಬಿಯಲ್ಲಿ ಮೂವತ್ತೊಂಬತ್ತು ರಿಪೋರ್ಟುಗಳಿವೆ. ನೀನು ಬರೆದುಕೊಟ್ಟದ್ದನ್ನು ಓದಿ, ಸಹಿ ಹೆಬ್ಬೆಟ್ಟುಗಳನ್ನೆಲ್ಲ ತಾಳೆ ಹಾಕಿ, 'ಈ ಆಶಾ ಅಕ್ಕಾರನ ಒಮ್ಮೆ ನೋಡಬೇಕಲ್ಲ' ಎಂದು ನಕ್ಕು ಮೇಡಂ ಸಹಿ ಹಾಕಿದರು. ನಗುವ ಮೊದಲು ಬೈದದ್ದನ್ನು ಬೇರೆ ಹಾಳೆಯಲ್ಲಿ ಅವರೇ ಬರೆದಿದ್ದಾರೆ, ಓದಿಕೋ. ಹಸನಬಿ ಅಜ್ಜಿಯದು ಎರಡು, ಎರಡು. ಸದ್ಯಕ್ಕೆ ಏನೂ ಇಲ್ಲ, ಆದರೆ ತಂಬಾಕು ಬಿಡಲೇಬೇಕು ಎಂದು ಹೇಳು. ಆಕೆ ನಿನಗೆ ಏನನ್ನುತ್ತಾಳೋ ನನಗೆ ಬರೆ. ಸಣ್ಣವ್ವ ದೊಡ್ಡಮ್ಮ ಬಂದಿದ್ದರೆ ಆಕೆಯದೇ ಗಲ್ಲದಿಂದ ಹೊಸದಾಗಿ ತೆಗೆದು ಕಳಿಸು.

ಆಗಸ್ಟಿನಲ್ಲಿ ಗಂಡಸರ ಶಿಬಿರ ಮಾಡಲು ಮೇಡಂ ಒಪ್ಪಿದ್ದಾರೆ. ಪರದೆ ಬೇಡ. ಮುಂದೆ ನಿಂತು ಮಾತಾಡುವ ಕೆಲಸ ಅಪ್ಪನಿಗೆ ಕೊಟ್ಟಿದ್ದೇವೆ. ಸುಣ್ಣ, ತುಪ್ಪ, ಅವ್ವ ಬಾಯಿ ತೆರೆದು ತೋರಿಸಿದ್ದು, ತಾನು ಅಂದದ್ದು, ಎಲ್ಲ ಹೇಳುತ್ತೇನೆ ಅಂದಿದ್ದಾನೆ. ನಾಚಿಕೆಯಾಗುವುದಿಲ್ಲವೇ ಅಂದೆ. "ಆಗ್ತೈತಿ. ಆದ್ರೂ ಹೇಳ್ತೀನಿ" ಅಂದ.

ಅಪ್ಪನದು ಕ್ಯಾನ್ಸರ್ ಆಗಿರಲಿಲ್ಲ, ಆಗುವ ದಾರಿ ಹಿಡಿದಿತ್ತು. ಇದು ನಿನಗೆ ಗೊತ್ತಿದೆ. ಗೊತ್ತಿಲ್ಲದ್ದು ಇದು: ಗಲ್ಲದಿಂದ ಕತ್ತರಿಸಿ ತೆಗೆದ ತುಂಡಿನ ಅಂಚು ಸುತ್ತಲೂ ಚೊಕ್ಕ ಇದೆ, ರೋಗ ಉಳಿದಿಲ್ಲ. ಮೊನ್ನೆ ಮತ್ತೆ ಬ್ರಶ್ ಹಾಕಿದರು. ಮನೆಯವರದನ್ನು ಮನೆಯವರು ನೋಡಕೂಡದು ಎಂದು ಮೇಡಂ ನನ್ನನ್ನು ಹೊರಗೆ ಕಳಿಸಿ ತಾವೇ ಎಣಿಸಿದರು. ನಾನು ಕಾರಿಡಾರಿನ ಬೆಂಚಿನ ಮೇಲೆ ಉಳಿದ ರೋಗಿಗಳ ಮನೆಯವರ ಜೊತೆ ಕೂತಿದ್ದೆ. ಒಂದೂವರೆ ತಾಸು ಹಿಡಿಯಿತು. ಬಾಗಿಲು ತೆರೆದು ಇನ್ನೂರೂ ಸರಿಯಿವೆ ಅಂದರು. ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕು.

ಆ ಸೋಮವಾರ ಅಪ್ಪ ಮಗಳು ಏನು ಮಾತಾಡಿದಿರಿ ಎಂದು ಮೂರು ಕಾಗದದಲ್ಲಿ ಕೇಳಿದ್ದೀ. ಆಗ ಬರೆಯಲು ಆಗಲಿಲ್ಲ. ಈಗ ಬರೆಯುತ್ತೇನೆ.

ಅಪ್ಪನ ಕಾಗದ ಓದಿ ಮೂರು ದಿನ ಮೈ ಉರಿಯಿತು ಅಕ್ಕ. ಅವ್ವ ನನ್ನ ಹೆಸರು ತೆಗೆದಿದ್ದಳು. ಶಿವಾನಿಗೆ ಕೇಳೂಣೇನು ಅಂದಿದ್ದಳು. ಹದಿನಾಲ್ಕು ತಿಂಗಳು. ಒಂದು ಫೋನು ಸಾಕಿತ್ತು. ಬರಬೇಡ ಎಂದು ಎರಡು ಸಲ ಚೀಟಿ ಬರೆದೆ, ಎರಡು ಸಲ ಹರಿದೆ. ಭಾನುವಾರ ರಾತ್ರಿಯವರೆಗೂ ಹೋಗುವುದಿಲ್ಲ ಎಂದೇ ಇದ್ದೆ. ಮುಂಜಾನೆ ಎದ್ದು ನೋಡಿದರೆ ಏಳೂವರೆಗೆ ಹೊಸ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ.

ಬಸ್ಸು ಬಂತು. ಮಂದಿ ಇಳಿದರು. ಎಲ್ಲರಿಗಿಂತ ಕಡೆಗೆ ಅಪ್ಪ ಬಂದ, ಕೈಯಲ್ಲಿ ಒಂದು ಚೀಲ. ಬಹಳ ಇಳಿದುಹೋಗಿದ್ದಾನೆ. ಬಾಗಿಲಲ್ಲಿ ನನ್ನನ್ನು ಕಂಡು ಅಲ್ಲೇ ನಿಂತ. ಎರಡು ದಿನದಿಂದ ಹೊಂದಿಸಿಟ್ಟುಕೊಂಡ ಕೆಟ್ಟ ಮಾತುಗಳಿದ್ದವು ನನ್ನ ಬಳಿ. ಅವನ್ನೆಲ್ಲ ಬಿಟ್ಟೆ. ಹತ್ತಿರ ಹೋಗಿ "ಬಾಯಿ ತೆಗಿ" ಅಂದೆ.

ಬಸ್ಸಿನ ಕೆಳಗಿನ ಮೆಟ್ಟಿಲ ಮೇಲೆ ನಿಂತೇ ಅಪ್ಪ ಬಾಯಿ ತೆಗೆದ. ನಾನು ಮೊಬೈಲಿನ ಬೆಳಕು ಹಚ್ಚಿ, ಅವನ ಗದ್ದ ಹಿಡಿದು ಎತ್ತಿ, ಬೆರಳಿನಿಂದ ಗಲ್ಲ ಸರಿಸಿ ನೋಡಿದೆ. ಎಡಗಡೆ ನೋಡಿದೆ, ಬಲಗಡೆ ನೋಡಿದೆ, ನಾಲಿಗೆ ಎತ್ತಿಸಿ ಕೆಳಗೂ ನೋಡಿದೆ. ಅವನ ಕಣ್ಣಿಂದ ನೀರು ಇಳಿದು ನನ್ನ ಕೈಗೆ ಬರುತ್ತಿತ್ತು, ಆದರೂ ಬಾಯಿ ಮುಚ್ಚಲಿಲ್ಲ. ದಾರಿ ಬಿಡ್ರಿ ಎಂದು ಹತ್ತುವವರು ಗದ್ದಲ ಹಚ್ಚಿದರು, ಕಂಡಕ್ಟರ್ ಶೀಟಿ ಹೊಡೆದ. ಪೂರ್ತಿ ನೋಡಿ ಮುಗಿಯುವವರೆಗೆ ನಾನು ಬಿಡಲಿಲ್ಲ.

ನಿನ್ನ
ಶಿವಾನಿ